ಗಂಟಿನವಳಿಗೆ ವಯಸ್ಸಾದದ್ದು

ನಮ್ಮೂರಿನಲ್ಲಿ ನೆಗಡಿ ಬಂದರೆ ಬಾಗಿಲಲ್ಲಿ ಚಪ್ಪಲಿ ಬಿಟ್ಟೇ ಒಳಗೆ ಬರುತ್ತದೆ. ಸಣಕಲು ಆಸಾಮಿ, ಹೆಗಲ ಮೇಲೆ ಒದ್ದೆ ಟವಲ್ಲು, ಕೂತಲ್ಲೆಲ್ಲ ಒಂದಿಷ್ಟು ಪಸೆ. ಜ್ವರ ಹಾಗಲ್ಲ, ದಪ್ಪ ಮನುಷ್ಯ. ಬಂದವನೇ ಮನೆಯ ಕಂಬಳಿಗಳನ್ನೆಲ್ಲ ಎಳೆದುಕೊಂಡು ಮಂಚದ ಮೇಲೆ ಬೀಳುತ್ತಾನೆ, ಮೆಣಸಿನ ಸಾರು ಕುಡಿದು ಬೆವರು ಒರೆಸಿಕೊಂಡು ಹೊರಡುತ್ತಾನೆ. ಹಲ್ಲುನೋವು ಊಟದ ಹೊತ್ತಿಗೆ ಸರಿಯಾಗಿ ಬರುವ ದೂರದ ನೆಂಟ. ಮಲಬದ್ಧತೆ ಎನ್ನುವವರು ಬಹಳ ಮರ್ಯಾದಸ್ಥರು. ಒಂದು ಮಾತೂ ಆಡದೆ ಜಗಲಿಯ ಮೇಲೆ ಕೂತಿರುತ್ತಾರೆ, ಏಳುವುದೇ ಇಲ್ಲ. ನಮ್ಮಜ್ಜಿಯ ಹತ್ತಿರ ಬಂದ ಬೆನ್ನುನೋವಂತೂ ಎಷ್ಟು ಕಾಲದಿಂದ ಉಳಿದುಕೊಂಡಿದೆಯೆಂದರೆ, ಇಬ್ಬರೂ ಈಗ ಒಂದೇ ಎಲೆಯಡಿಕೆ ತಟ್ಟೆ ಇಟ್ಟುಕೊಂಡಿದ್ದಾರೆ. ಬಂದವರನ್ನು ಕತ್ತು ಹಿಡಿದು ತಳ್ಳುವಂತಿಲ್ಲ. ಊಟಕ್ಕೆ ಔಷಧ ಬೆರೆಸಿ ಬಡಿಸಬೇಕು. ತಿಂದವರು ಮುಖ ಸಿಂಡರಿಸಿಕೊಂಡು ಎದ್ದು ಹೋಗುತ್ತಾರೆ. ಹಾಗಾಗಿ ಯಾರ ಮನೆಯಲ್ಲಿ ಏನು ಎಂದು ತಿಳಿಯಲು ನಮ್ಮಲ್ಲಿ ಒಳಗೆ ಇಣುಕಬೇಕಾಗಿಲ್ಲ, ಬಾಗಿಲಲ್ಲಿರುವ ಚಪ್ಪಲಿ ನೋಡಿದರೆ ಸಾಕು. ಎದುರುಮನೆಯ ರುಕುಮಾಬಾಯಿ ಬೆಳಗ್ಗೆ ರಂಗೋಲಿಗೆಂದು ಹೊರಗೆ ಬಂದರೆ ಹಾಕುವುದು ಎರಡೇ ಎಳೆ, ನೋಡುವುದು ಇಡೀ ಬೀದಿ.

ಬಂದವರು ಹೆಚ್ಚಾಗಿ, ಮನೆಯವರಿಗೇ ಮನೆಯಲ್ಲಿ ಜಾಗವಿಲ್ಲದಂತೆ ಆಗುವುದೂ ಉಂಟು. ಆಗ ಅವರು ಎದ್ದು ಬೀದಿಗಿಳಿದು ನಡೆದುಬಿಡುತ್ತಾರೆ. ಹಾಗೆ ಹೋದವರು ಯಾರೂ ತಿರುಗಿ ಬಂದಿಲ್ಲ. ನನ್ನ ಅಪ್ಪ ಅಮ್ಮ ಹೋದದ್ದೂ ಹೀಗೆಯೇ, ನಾನು ತೊಟ್ಟಿಲಲ್ಲಿದ್ದಾಗ.

ನನ್ನನ್ನು ಸಾಕಿದವರು ಇಬ್ಬರು. ಕಥೆ ಹೇಳಿ ಸಾಕಿದವಳು ನಮ್ಮಜ್ಜಿ, ಅನ್ನ ಹಾಕಿ ಸಾಕಿದವಳು ಅವಳ ಮಗಳು ಕುಮುದಕ್ಕ. ಸಂಬಂಧ ಹಿಡಿದು ಹೇಳಿದರೆ ಕುಮುದಕ್ಕ ನನಗೆ ಅಕ್ಕ ಅಲ್ಲ, ಸೋದರತ್ತೆ. ಆದರೆ ಅತ್ತೆ ಎಂದರೆ ಅವಳಿಗೆ ಕಿವಿಯೇ ಕೇಳುತ್ತಿರಲಿಲ್ಲ. ಹಾಲಿನವನಿಗೂ ಅವಳು ಕುಮುದಕ್ಕ, ಹಾಲಿನವನ ಮೊಮ್ಮಗನಿಗೂ ಕುಮುದಕ್ಕ. ಅವಳಿಗಿಂತ ಮೊದಲೇ ಹುಟ್ಟಿದ ರುಕುಮಾಬಾಯಿ ಕೂಡ ತಾನು ಚಿಕ್ಕವಳೆಂದು ತೋರಿಸಿಕೊಳ್ಳಲು ಕುಮುದಕ್ಕ ಎನ್ನುವಳು, ಇವಳು ಬಿಡುತ್ತಾಳೆಯೇ, ತಟಕ್ಕನೆ “ಏನು ರುಕುಮಕ್ಕಾ?” ಎನ್ನುವಳು. ಇಬ್ಬರು ಮುದುಕಿಯರು ಹೀಗೆ ಬೀದಿಯ ಎರಡು ಕಡೆ ನಿಂತು ಒಬ್ಬರಿಗೊಬ್ಬರು ತಂಗಿಯಾಗಲು ವರ್ಷಗಟ್ಟಲೆ ಜಗ್ಗಾಡಿದ್ದಾರೆ. ಐವತ್ತು ದಾಟಿ ಎಷ್ಟಾಯಿತು ಎಂದು ಕೇಳಿದವರಿಗೆ ಕುಮುದಕ್ಕನ ಮನೆಯಲ್ಲಿ ಆ ದಿನ ಕಾಫಿ ಇಲ್ಲ.

ಕುಮುದಕ್ಕ ಹಾಸಿಗೆ ಹೊಲಿಯುವವಳು. ಬೂರುಗದ ಹತ್ತಿ ತರಿಸಿ, ಬಿಡಿಸಿ, ಬಡಿದು, ತುಂಬಿ, ಉದ್ದನೆಯ ಸೂಜಿಯಲ್ಲಿ ಹೊಲಿಗೆ ಹಾಕಿದರೆ ಅದರ ಮೇಲೆ ಮಲಗಿದವರು ಸಂಕ್ರಾಂತಿಯಲ್ಲಿ ಮಲಗಿ ಯುಗಾದಿಯಲ್ಲಿ ಎದ್ದರು ಎಂದು ಊರಲ್ಲಿ ತಮಾಷೆ ಮಾಡುತ್ತಿದ್ದರು. ಮದುವೆ ಮಾತ್ರ ಆಗಲಿಲ್ಲ. ಯಾಕೆ ಎಂದು ಕೇಳಿದರೆ, “ಇಷ್ಟು ಒಳ್ಳೇ ಹಾಸಿಗೆ ಇಟ್ಕೊಂಡು ಅದರಲ್ಲಿ ಅರ್ಧ ಬೇರೆಯವರಿಗೆ ಯಾಕೆ ಕೊಡಲಿ?” ಎನ್ನುವಳು. ನಮ್ಮಜ್ಜಿ ಕಿವಿ ಮುಚ್ಚಿಕೊಳ್ಳುವಳು, ಬೆರಳ ಸಂದಿಯಲ್ಲಿ ನಗುವಳು.

ಹತ್ತಿಯಿಂದ ಬೀಜ ಬೇರೆ ಮಾಡುವುದು ನನ್ನ ಕೆಲಸ. ಬೀಜ ತೆಗೆಯುತ್ತಾ ತೆಗೆಯುತ್ತಾ ನಾನು ಎಲ್ಲೋ ಹೋಗಿಬಿಡುತ್ತಿದ್ದೆ. ಏಳು ಸಮುದ್ರದ ಆಚೆ, ಅಜ್ಜಿಯ ಕಥೆಯಲ್ಲಿ ಬಿಟ್ಟುಹೋದ ಯಾವುದೋ ಕೋಣೆಗೆ. ತಿರುಗಿ ಬರುವಷ್ಟರಲ್ಲಿ ಬೀಜ ಹಾಸಿಗೆಯೊಳಗೂ ಹತ್ತಿ ಬೀಜದ ಬುಟ್ಟಿಯೊಳಗೂ ಸೇರಿರುತ್ತಿತ್ತು. “ತಾರಿಣಿ, ವಯಸ್ಸು ಇಪ್ಪತ್ತು ಕಳೀತು. ಮುಂದೆ ಏನಾಗ್ತೀಯೇ ನೀನು?” ಎಂದು ಕುಮುದಕ್ಕ ಕೇಳಿದರೆ ನಾನು “ಎಲ್ಲಾ” ಎನ್ನುತ್ತಿದ್ದೆ. “ಎಲ್ಲಾ ಆಗ್ತೀನಿ ಅನ್ನೋರು ಏನೂ ಆಗಲ್ಲ, ಆ ಬೀಜ ತೆಗಿ” ಎನ್ನುವಳು.

ಒಂದು ಮಧ್ಯಾಹ್ನ ಒಳಕೋಣೆಯಿಂದ ಒಬ್ಬ ಹುಡುಗಿ ಕಣ್ಣುಜ್ಜಿಕೊಳ್ಳುತ್ತಾ ಹೊರಗೆ ಬಂದಳು. ಕಂಕುಳಲ್ಲಿ ಒಂದು ಪುಟ್ಟ ಬಟ್ಟೆಗಂಟು. ಯಾರೋ ಗಿರಾಕಿಯ ಮಗಳು ಎಂದು ನಾನಂದುಕೊಂಡೆ, ನನ್ನ ಸ್ನೇಹಿತೆ ಎಂದು ಕುಮುದಕ್ಕ ಅಂದುಕೊಂಡಳು. ಬಾಗಿಲಲ್ಲಿ ಚಪ್ಪಲಿ ಇರಲಿಲ್ಲವಾದ್ದರಿಂದ ಬೇರೆ ಯೋಚನೆ ಇಬ್ಬರಿಗೂ ಬರಲಿಲ್ಲ.

“ಯಾರ ಮಗಳಮ್ಮಾ ನೀನು?” ಎಂದಳು ಕುಮುದಕ್ಕ.

“ಇನ್ನೂ ಗೊತ್ತಾಗಿಲ್ಲ ಅಕ್ಕಾ.”

ಕುಮುದಕ್ಕನ ಮುಖ ಅರಳಿತು. “ನೋಡೇ ತಾರಿಣಿ, ಹೇಳಿಕೊಡದೇನೇ ಅಕ್ಕ ಅಂತು! ಬಾ ಪುಟ್ಟಿ, ನಿದ್ದೆ ಬಂದಿದೆಯಾ? ಒಳಗೆ ಹಾಸಿಗೆ ಅಟ್ಟಿ ಹಾಕಿದೀನಿ, ಎಲ್ಲಿ ಬೇಕೋ ಅಲ್ಲಿ ಮಲಕ್ಕೋ.”

ಹುಡುಗಿ ತಲೆಯಾಡಿಸಿ ಒಳಗೆ ಹೋದಳು. ಆಮೇಲೆ ನಾವು ಅವಳನ್ನು ಮರೆತೇಬಿಟ್ಟೆವು. ಸದ್ದು ಮಾಡುವವರನ್ನು ಮಾತ್ರ ನೆನಪಿಡುವುದು ನಮ್ಮ ಮನೆಯ ಅಭ್ಯಾಸ.

ಸದ್ದು ಮಾಡುವವರು ಸ್ವಲ್ಪ ದಿನಕ್ಕೇ ಶುರುವಾದರು. ಬೆಳಗ್ಗೆ ಎದ್ದರೆ ಅಡುಗೆಮನೆಯಲ್ಲಿ ಒಬ್ಬಳು ದುಂಡು ಹೆಂಗಸು. “ನಾನು ನಿಮ್ಮ ಅತ್ತಿಗೆ ಕಡೆಯವಳು, ಚಟ್ನಿಗೆ ಕಾಯಿ ಸಾಲದು” ಎಂದಳು. ಮರುದಿನ ಅಂಥವಳೇ ಇನ್ನೊಬ್ಬಳು, ಅದೇ ಮುಖ, ಅದೇ ಸೆರಗು. “ನಾನು ಅವಳ ಓರಗಿತ್ತಿ.” ಅದರ ಮರುದಿನ ಅವರಿಬ್ಬರ ನಾದಿನಿಯರು. ಎಲ್ಲರ ಕಂಕುಳಲ್ಲೂ ಒಂದೊಂದು ಗಂಟು. ಹಿತ್ತಲಲ್ಲಿ ನಾಲ್ವರು, ನಡುಮನೆಯಲ್ಲಿ ಒಂದು ಹಿಂಡು, ಬಚ್ಚಲಲ್ಲಿ ಯಾವಾಗಲೂ ಒಬ್ಬಳು. ಮಾಡಿದ ಅಡುಗೆ ಕೆಳಗಿಳಿಸುವ ಮೊದಲೇ ಖಾಲಿ. ಅವರು ಉಬ್ಬಿದರು, ಕುಮುದಕ್ಕ ಇಳಿದಳು. ರವಿಕೆಯ ತೋಳು ಅವಳ ಕೈಯ ಸುತ್ತ ಸುಮ್ಮನೆ ತೂಗಾಡತೊಡಗಿತು.

ರುಕುಮಾಬಾಯಿ ಬಾಗಿಲಲ್ಲೇ ನಿಂತು ಒಳಗೆ ನೋಡಿದವಳು ಸೆರಗು ಬಾಯಿಗಿಟ್ಟುಕೊಂಡಳು. “ಕುಮುದಕ್ಕಾ, ಇವರು ಗಂಟಿನವರು ಕಣೇ!”

ಗಂಟಿನವರ ಹೆಸರು ಕೇಳಿದರೆ ನಮ್ಮೂರಲ್ಲಿ ಮಾತು ಅಲ್ಲಿಗೇ ನಿಲ್ಲುತ್ತದೆ. ಕುಮುದಕ್ಕ ಮಾತ್ರ ಸೂಜಿಗೆ ದಾರ ಪೋಣಿಸುತ್ತಾ, “ಹೌದೇನೋ. ನಂಗೂ ಅನ್ನಿಸಿತ್ತು. ನಮ್ಮ ಕಡೆ ನೆಂಟರು ಇಷ್ಟು ಒಗ್ಗಟ್ಟಾಗಿ ಯಾವತ್ತೂ ಇದ್ದಿಲ್ಲ” ಎಂದಳು.

ಡಾಕ್ಟರ್ ಹಲೀಮಾ ಬಂದರು. ನಮ್ಮೂರಿನ ಆಸ್ಪತ್ರೆಗೆ ಅವರೊಬ್ಬರೇ ಡಾಕ್ಟರು. ಎತ್ತರದ ಹೆಂಗಸು, ನಕ್ಕರೆ ಓಣಿಯ ಕೊನೆಗೆ ಕೇಳಬೇಕು. ಹುಳಿಗೆ ಬೆರೆಸಲು ಕಪ್ಪನೆಯ ಔಷಧ ಕೊಟ್ಟರು. “ಖಾರವಾದ ಔಷಧ. ಯಾರು ಹೆಚ್ಚು ತಿಂತಾರೋ ಅವರಿಗೆ ಹೆಚ್ಚು ತಗಲುತ್ತೆ. ಆದ್ರೆ ಅದೇ ಪಾತ್ರೆಯಿಂದ ನೀವೂ ಊಟ ಮಾಡ್ಬೇಕು ಕುಮುದಕ್ಕ, ಬೇರೆ ಮಾಡಿದ್ರೆ ಅವರಿಗೆ ಅನುಮಾನ ಬರುತ್ತೆ. ನಿಮಗೂ ಕಷ್ಟ ಆಗುತ್ತೆ.”

ಕಷ್ಟವೇ ಆಯಿತು. ಗಂಟಿನವರು ತಿಂದು ತೇಗಿ, ಹೊಟ್ಟೆ ಹಿಡಿದುಕೊಂಡು, ಬೈದುಕೊಳ್ಳುತ್ತಾ ಒಬ್ಬೊಬ್ಬರೇ ಗಂಟುಮೂಟೆ ಕಟ್ಟಿದರು. ಕುಮುದಕ್ಕನ ತಲೆಗೂದಲೂ ಅವರ ಹಿಂದೆಯೇ ಹೊರಟುಹೋಯಿತು. ನಮ್ಮಜ್ಜಿ ಮಗಳ ಬೋಳು ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೊಬ್ಬರಿ ಎಣ್ಣೆ ಸವರುತ್ತಾ, “ಹುಟ್ಟಿದಾಗಲೂ ಹೀಗೇ ಇದ್ದೆ, ಕುಂಬಳಕಾಯಿ ಹಾಗೆ” ಎಂದಳು. ಕೊನೆಯ ಗಂಟಿನವಳು ಮೆಟ್ಟಿಲಿಳಿದ ದಿನ ನಾವು ಬೀದಿಗೆಲ್ಲ ಕೊಬ್ಬರಿ ಮಿಠಾಯಿ ಹಂಚಿದೆವು.

ಮಿಠಾಯಿಯ ತಟ್ಟೆಗಳು ವಾಪಸು ಬರುವ ಮೊದಲೇ ಗಂಟಿನವರು ವಾಪಸು ಬಂದರು. ಈ ಸಲ ಇನ್ನೂ ದುಂಡಗಿದ್ದರು, ಇನ್ನೂ ಜಾಣೆಯರಾಗಿದ್ದರು. ಹುಳಿಯನ್ನು ಮೂಗಿನ ಹತ್ತಿರ ಹಿಡಿದು, “ಏನೋ ಬೆರೆಸಿದಾರೆ ಕಣ್ರೇ” ಎಂದು ಒಬ್ಬಳು ಹೇಳಿದರೆ ಉಳಿದವರೆಲ್ಲ ಬರೀ ಮಜ್ಜಿಗೆ ಅನ್ನ ಉಂಡರು. ಕುಮುದಕ್ಕನ ಮಂಚ ಹೋಯಿತು, ಹೊಲಿಗೆಯ ಮೂಲೆ ಹೋಯಿತು. ಅವಳ ಚಾಪೆ ನಡುಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಜಗಲಿಗೆ ಬಂತು. ಒಂದು ದಿನ ನೋಡುತ್ತೇನೆ, ಅವಳು ಜಗಲಿಯ ಅಂಚಿನಲ್ಲಿ ಕೂತು ಒಂದು ಕಾಲನ್ನು ಬೀದಿಯ ಮೇಲಿಟ್ಟಿದ್ದಾಳೆ. ಓಡಿಹೋಗಿ ಅವಳ ಪಕ್ಕ ನಿಂತೆ.

“ಕಾಲು ಮೇಲೆ ತಗೋ ಕುಮುದಕ್ಕ.”

“ಒಳಗೆ ಇಡೋಕೆ ಜಾಗ ಎಲ್ಲಿದೆಯೇ?” ಎಂದಳು ನಗುತ್ತಾ. ಕಾಲನ್ನು ತೆಗೆದುಕೊಂಡಳು. ಆದರೆ ಕಣ್ಣು ಬೀದಿಯ ಕಡೆಗೇ ಇತ್ತು.

ನನಗೆ ಅಳು ಬಂದಾಗ ನಿದ್ದೆ ಬರುತ್ತದೆ, ಅದು ನನ್ನ ಸ್ವಭಾವ. ಒಳಕೋಣೆಗೆ ಹೋಗಿ ಹಾಸಿಗೆಯ ಅಟ್ಟಿಯ ಮೇಲೆ ಹತ್ತಿದೆ. ಮೇಲೆ ಎರಡು ಹಾಸಿಗೆಗಳ ನಡುವೆ ಆ ಹುಡುಗಿ ಮಲಗಿದ್ದಳು! ಮೊದಲ ದಿನ ಹೇಗಿದ್ದಳೋ ಹಾಗೆಯೇ; ಕೂದಲು ಕದಲಿಲ್ಲ, ಗಂಟು ಬಿಚ್ಚಿಲ್ಲ, ಒಂದು ತುತ್ತು ಉಂಡ ಗುರುತಿಲ್ಲ. ನನ್ನ ಸದ್ದಿಗೆ ಅರೆಗಣ್ಣು ತೆರೆದು ಒಂದು ದೊಡ್ಡ ಆಕಳಿಕೆ ತೆಗೆದಳು. ಆಕಳಿಕೆ ಮುಗಿಯುವಷ್ಟರಲ್ಲಿ ಅವಳ ಪಕ್ಕದಿಂದ ಒಬ್ಬ ದುಂಡು ಹೆಂಗಸು ಜಾರಿ ಕೆಳಗಿಳಿದು, ಸೆರಗು ಸರಿಪಡಿಸಿಕೊಂಡು, “ಊಟಕ್ಕೆ ಏನ್ ಮಾಡಿದಾರೆ?” ಎನ್ನುತ್ತಾ ಅಡುಗೆಮನೆಗೆ ನಡೆದಳು.

“ಇದೇನೇ ಇದು?” ಎಂದೆ.

“ಆಕಳಿಸಿದ್ರೆ ಹೀಗಾಗುತ್ತೆ,” ಎಂದಳು, ಸ್ವಲ್ಪ ನಾಚಿಕೊಂಡು.

“ನಿನ್ನ ವಯಸ್ಸೆಷ್ಟು?”

“ಇನ್ನೂ ಶುರು ಮಾಡಿಲ್ಲ.”

“ಮುಂದೆ ಏನಾಗ್ತೀಯ?”

“ಎಲ್ಲಾ,” ಎಂದಳು.

ನನಗೆ ಅವಳ ಮೇಲೆ ಬಂದಷ್ಟು ಪ್ರೀತಿ ಆವರೆಗೆ ಯಾರ ಮೇಲೂ ಬಂದಿರಲಿಲ್ಲ, ಹೆದರಿಕೆಯೂ ಅಷ್ಟೇ ಬಂತು. ಇಳಿದು ಆಸ್ಪತ್ರೆಯ ತನಕ ಓಡಿದೆ.

ಡಾಕ್ಟರ್ ಹಲೀಮಾ ಬಂದು ಚಪ್ಪಲಿ ಕೈಯಲ್ಲಿ ಹಿಡಿದು, ಬೆಕ್ಕಿನ ಹೆಜ್ಜೆಯಲ್ಲಿ ಒಳಕೋಣೆಗೆ ಹೋಗಿ, ಇಣುಕಿ ನೋಡಿ, ಅದೇ ಹೆಜ್ಜೆಯಲ್ಲಿ ಹೊರಗೆ ಬಂದರು. ಜಗಲಿಯ ಮೇಲೆ ಕೂತು ಹಣೆ ಚಚ್ಚಿಕೊಂಡರು. “ಅವರೆಲ್ಲರ ಅಮ್ಮ ಇವಳು. ಮೂಲ ಇವಳು. ನಾವು ಓಡಿಸಿದ್ದೆಲ್ಲ ಇವಳ ಆಕಳಿಕೆಗಳನ್ನ. ನನ್ನ ಔಷಧ ತಿನ್ನೋರಿಗೆ ತಗಲುತ್ತೆ, ಇವಳು ತಿನ್ನೋದೇ ಇಲ್ಲ. ಗಲಾಟೆ ಮಾಡೋರನ್ನ ಹುಡುಕಿ ಹೊಡೆಯುತ್ತೆ, ಇವಳು ಗಲಾಟೆ ಮಾಡಲ್ಲ, ಮಲಗಿರ್ತಾಳೆ. ಮನೆ ಖಾಲಿ ಆಯ್ತು ಅಂತ ನಾವು ಮಿಠಾಯಿ ಹಂಚ್ತೀವಿ, ಇವಳು ಇನ್ನೊಂದ್ಸಲ ಆಕಳಿಸ್ತಾಳೆ.”

“ಬಂದಾಗ ಚಪ್ಪಲಿ ಕೂಡ ಇರಲಿಲ್ಲ ಡಾಕ್ಟ್ರೇ,” ಎಂದೆ.

“ಎಲ್ಲಿಂದ ಇರುತ್ತೆ? ಇವಳು ಹೊರಗಿಂದ ಬಂದೋಳಲ್ಲ. ಈ ಮನೇಲೇ ಹುಟ್ಟಿದೋಳು. ಕುಮುದಕ್ಕನ ಓರಗೆಯವಳು.”

“ನನ್ನ ಓರಗೆಯವಳಾ?” ಕುಮುದಕ್ಕ ಒಳಗೆ ಇಣುಕಿ ನೋಡಿದಳು. ಅವಳ ಮುಖದಲ್ಲಿ ಮೂಡಿದ್ದು ಭಯವಲ್ಲ, ಒಂದು ಥರದ ಜಂಬ. “ಹೌದಾ! ಹದಿನಾರರ ಹಾಗೆ ಕಾಣ್ತಾಳಲ್ಲ!”

ಮೊದಲು ನಾವು ಅವಳ ಹಾಸಿಗೆ ಕಿತ್ತೆವು. ಮಲಗಲು ಮೆತ್ತಗಿನ ಜಾಗವಿಲ್ಲದಿದ್ದರೆ ಏಳಲೇಬೇಕು, ಎದ್ದರೆ ಹಸಿಯಲೇಬೇಕು, ಹಸಿದರೆ ಹುಳಿ ಉಣ್ಣಲೇಬೇಕು ಎಂಬುದು ಡಾಕ್ಟರ ಲೆಕ್ಕ. ಅಟ್ಟಿಯ ಹಾಸಿಗೆಗಳನ್ನೆಲ್ಲ ಅಂಗಳಕ್ಕೆ ಎಳೆದು, ಹೊಲಿಗೆ ಬಿಚ್ಚಿ, ಹತ್ತಿ ಬಡಿದೆವು. ಬೀದಿಯೆಲ್ಲ ಬಿಳಿ. ರುಕುಮಾಬಾಯಿ ಒಂದು ವಾರ ಸೀನಿದಳು, ಅವಳ ಬಾಗಿಲಲ್ಲಿ ನೆಗಡಿಯ ಚಪ್ಪಲಿಯೂ ಕಂಡಿತು. ಹುಡುಗಿ ಮಾತ್ರ ಒಂದು ದಿಂಬಿನೊಳಗೆ ಸೇರಿಕೊಂಡಳು. ದಿಂಬು ಕಿತ್ತರೆ ಹಳೆಯ ಕೌದಿಗೆ ಹೋದಳು, ಕೌದಿ ಒಗೆದರೆ ಅಜ್ಜಿಯ ಸೀರೆಯ ಗಂಟಿಗೆ. ಸೋತು ಹಾಸಿಗೆಗಳನ್ನು ಮತ್ತೆ ಹೊಲಿದು ಅಟ್ಟಿ ಹಾಕಿದೆವು, ಅವಳು ಮತ್ತೆ ಅದನ್ನೇ ಹತ್ತಿದಳು. ಬೇರೆ ದಾರಿಯೆಂದು, ಅವಳನ್ನು ಎಚ್ಚರವಾಗಿಡಲು ನಾನು ಪಕ್ಕ ಕೂತು ಅಜ್ಜಿಯ ಕಥೆಗಳನ್ನೆಲ್ಲ ಹೇಳಿದೆ. ಅದು ತಪ್ಪಾಯಿತು. ಆ ಕಥೆಗಳು ಕೇಳಿದವರನ್ನು ಮಲಗಿಸಲೆಂದೇ ಹುಟ್ಟಿದವು. ಹುಡುಗಿ ಇನ್ನೂ ಗಾಢವಾಗಿ ಮಲಗಿದಳು, ಆ ವಾರ ಅಡುಗೆಮನೆಯಲ್ಲಿ ಒಲೆಯೂ ಕಾಣದಷ್ಟು ಜನ.

ಡಾಕ್ಟರು ಗಲ್ಲಕ್ಕೆ ಕೈ ಕೊಟ್ಟು ಕೂತರು. “ಇನ್ನೊಂದು ದಾರಿ ಇದೆ. ಬೇರೆ ಊರಲ್ಲಿ ರಕ್ತದ ಗಂಟಿನವಳೊಬ್ಬಳ ಮೇಲೆ ಮಾಡಿ ಗೆದ್ದಿದಾರಂತೆ. ಓಡಿಸೋದು ಬೇಡ, ದೊಡ್ಡೋಳು ಮಾಡಿಬಿಡೋದು. ಅವಳು ಇನ್ನೂ ಏನೂ ಆಗಿಲ್ಲ, ಅದೇ ಅವಳ ಶಕ್ತಿ. ಏನೂ ಆಗದೋಳು ಏನು ಬೇಕಾದ್ರೂ ಆಗ್ತಾಳೆ, ಎಷ್ಟು ಜನ ಬೇಕಾದ್ರೂ ಆಗ್ತಾಳೆ. ಒಂದ್ಸಲ ಏನಾದ್ರೂ ಆಗಿಬಿಟ್ಟರೆ ಮುಗೀತು, ಅಷ್ಟೇ ಆಗಿರ್ತಾಳೆ. ಆಮೇಲೆ ನಮ್ಮೆಲ್ಲರ ಹಾಗೆ ಸುಸ್ತಾಗ್ತಾಳೆ.”

“ಅವಳಿಗೆ ವಯಸ್ಸು ಮಾಡೋದು ಹೇಗೆ?” ಎಂದು ನಾನು ಕೇಳಿದೆ.

ಡಾಕ್ಟರ್ ಹಲೀಮಾ ಸ್ವಲ್ಪ ಕೆಂಪಾದರು. “ನಂಗೆ ಹೇಗೆ ಆಯ್ತೋ ಹಾಗೆ. ಒಂದು ದಿನ ಬಸ್ಸಲ್ಲಿ ನಿಂತಿದ್ದೆ. ಹಿಂದಿಂದ ಒಬ್ಬ, ಮುಖದ ತುಂಬ ಗಡ್ಡ, ‘ಆಂಟಿ, ಸ್ವಲ್ಪ ಸರೀರಿ’ ಅಂದ. ಮನೆಗೆ ಬಂದು ಕನ್ನಡಿ ನೋಡಿದೆ. ಮೊದಲ ಬಿಳಿ ಕೂದಲು!” ಎಂದವರೇ ಚೀಟಿ ತೆಗೆದು ಬರೆದುಕೊಟ್ಟರು: ಬೆಳಗ್ಗೆ, ಮಧ್ಯಾಹ್ನ, ಸಂಜೆ, ಊಟವಾದ ಮೇಲೆ, ಜೋರಾಗಿ ‘ಆಂಟಿ’ ಎನ್ನುವುದು. ತಡೆದುಕೊಂಡರೆ ‘ಅಜ್ಜಿ’ಗೆ ಏರಿಸುವುದು.

ಬೀದಿಯವರಿಗೆ ಇಷ್ಟು ಖುಷಿ ಕೊಟ್ಟ ಔಷಧ ಬೇರೆ ಇಲ್ಲ. ಮೂರು ಹೊತ್ತೂ ಜನ ಸಾಲಾಗಿ ಬಂದರು. ಸೊಪ್ಪಿನವಳು ಬಂದು, “ಆಂಟೀ, ದಂಟು ಬೇಕಾ?” ಎಂದು ಅಟ್ಟಿಯ ಕಡೆ ಕೂಗಿದಳು. ಹಾಲಿನವನು, “ಆಂಟೀ, ಒಂದು ಪಾವು ಹೆಚ್ಚಿಗೆ ಹಾಕ್ಲಾ, ಮೂಳೆಗೆ ಒಳ್ಳೇದು” ಎಂದ. ಅಂಚೆಯವನು ಸುಮ್ಮನೆ ಬಂದು “ಆಂಟಿ” ಎಂದಷ್ಟೇ ಹೇಳಿ ಮುಖ ಒರೆಸಿಕೊಂಡು ಹೋದ. ರುಕುಮಾಬಾಯಿ ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಕೊನೆಗೆ ಹೋಗುತ್ತಿದ್ದಳು. ಹೇಳುವಾಗ ಅವಳ ಕಣ್ಣು ಹುಡುಗಿಯ ಮೇಲೆ ಇರುತ್ತಿರಲಿಲ್ಲ, ಕುಮುದಕ್ಕನ ಮೇಲಿರುತ್ತಿತ್ತು.

ಎರಡನೆಯ ದಿನ ಸಂಜೆ ಹಾಸಿಗೆಯೊಳಗಿಂದ ಒಂದು ದನಿ ಬಂತು. “ಯಾರ್ರೀ ಅದು ಆಂಟಿ ಅಂದಿದ್ದು?”

ಹುಡುಗಿ ಎದ್ದು ಕೂತಿದ್ದಳು. ಅವಳು ಸಿಟ್ಟಾದದ್ದನ್ನು ನಾನು ಕಂಡದ್ದು ಅದೇ ಮೊದಲು. ಕಿವಿಯ ಹಿಂದೆ ಒಂದು ಕೂದಲು ಬೆಳ್ಳಗೆ ಮಿನುಗುತ್ತಿತ್ತು. ಡಾಕ್ಟರು ನನ್ನ ಕೈ ಹಿಸುಕಿದರು. ಅಷ್ಟರಲ್ಲಿ ಹುಡುಗಿ ಕುಮುದಕ್ಕನನ್ನು ನೋಡಿ ತುಟಿ ಮುಂದೆ ಮಾಡಿದಳು. “ಕುಮುದಕ್ಕಾ, ನಂಗೆ ವಯಸ್ಸಾಗಿದೆಯಾ?”

“ಛೇ ಛೇ, ನಮಗೆಲ್ಲಿ ವಯಸ್ಸು? ಹೊಟ್ಟೆಕಿಚ್ಚಿಗೆ ಅಂತಾರೆ ಬಿಡು ಪುಟ್ಟಿ,” ಎಂದುಬಿಟ್ಟಳು ಕುಮುದಕ್ಕ.

ಬಿಳಿ ಕೂದಲು ನಮ್ಮ ಕಣ್ಣೆದುರೇ ಕಪ್ಪಾಯಿತು. ಹುಡುಗಿ ಸುಖವಾಗಿ ಆಕಳಿಸಿದಳು. ಇಬ್ಬರು ಇಳಿದುಬಂದು ಊಟ ಕೇಳಿದರು.

ಮರುದಿನವೂ ಹೀಗೆಯೇ, ಅದರ ಮರುದಿನವೂ ಹೀಗೆಯೇ. ಬೀದಿಯೆಲ್ಲ ಸೇರಿ ಅವಳಿಗೆ ಹೇರಿದ ವಯಸ್ಸನ್ನು ಕುಮುದಕ್ಕ ಒಂದು ‘ಪುಟ್ಟಿ’ಯಲ್ಲಿ ಇಳಿಸಿಬಿಡುತ್ತಿದ್ದಳು. ಕೊನೆಗೆ ಡಾಕ್ಟರು ಜಗಲಿಯಲ್ಲಿ ಅವಳೆದುರು ಕೂತು ನಗದೆ ಹೇಳಿದರು. “ಬೀದಿಯವರು ಎಷ್ಟು ಕರೆದ್ರೂ ಅಷ್ಟೇ. ಮನೆಯೊಡತಿ ಕರೆದದ್ದೇ ಹೆಸರು. ಅವಳು ನಿಮ್ಮ ಓರಗೆಯವಳು ಕುಮುದಕ್ಕ. ನೀವು 'ಅಕ್ಕ' ಆಗಿರೋ ತನಕ ಅವಳು 'ಪುಟ್ಟಿ' ಆಗೇ ಇರ್ತಾಳೆ. ಅವಳಿಗೆ ವಯಸ್ಸಾಗಬೇಕಾದ್ರೆ ಮೊದಲು ನಿಮಗೆ ಆಗಬೇಕು. ಅವಳನ್ನ ನೀವು ಅಜ್ಜಿ ಅನ್ಬೇಕು, ನಿಮ್ಮನ್ನ ನಾವು ಅಜ್ಜಿ ಅನ್ಬೇಕು.”

ಕುಮುದಕ್ಕ ತಲೆಗೆ ಸುತ್ತಿದ್ದ ಬಟ್ಟೆಯನ್ನು ಸರಿಮಾಡಿಕೊಂಡಳು. “ಹೋಗ್ರೀ ಡಾಕ್ಟ್ರೇ. ಈ ಬೋಡು ತಲೇಲಿ, ರುಕುಮಕ್ಕನ ಬಾಯಲ್ಲಿ ಅಜ್ಜಿ ಅನ್ನಿಸ್ಕೊಳ್ಳೋದಕ್ಕಿಂತ ಎದ್ದು ಬೀದಿಗೆ ಹೋಗೋದು ವಾಸಿ.”

ತಮಾಷೆಗೇ ಹೇಳಿದಳು. ಆದರೆ ಹೇಳುವಾಗ ಅವಳ ಎರಡೂ ಕಾಲು ಬೀದಿಯ ಮೇಲಿದ್ದವು. ನಾವೆಲ್ಲ ಅದನ್ನು ನೋಡಿದೆವು.

ನಮ್ಮಜ್ಜಿ ಒಳಗಿನಿಂದ ಎದ್ದು ಬಂದಳು. ಬೆನ್ನುನೋವು ಹಿಂದೆಯೇ ಬರಲು ನೋಡಿತು, ಅಜ್ಜಿ ಅದನ್ನು ಕೈಸನ್ನೆಯಲ್ಲೇ ಕೂರಿಸಿದಳು. ಮಗಳ ಪಕ್ಕ ಕೂತು ಅವಳ ಒಂದು ಕಾಲನ್ನು ಎರಡೂ ಕೈಯಲ್ಲಿ ಹಿಡಿದೆತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು. “ಇವಳು ಹುಟ್ಟಿದ ದಿನ ನನ್ನನ್ನ ಅಜ್ಜಿ ಮಾಡಿಬಿಟ್ಟಳು,” ಎಂದು ಗಲ್ಲದಲ್ಲಿ ನನ್ನ ಕಡೆ ತೋರಿಸಿದಳು. “ನಾನೂ ಆವತ್ತು ಅತ್ತಿದ್ದೆ, ನಿನಗೆ ಗೊತ್ತಿಲ್ಲ. ಬಾಣಂತಿ ಕೋಣೆಯಿಂದ ಬಂದು ಕನ್ನಡಿ ಮುಂದೆ ನಿಂತು ಅತ್ತೆ. ಏನೂ ಆಗಲಿಲ್ಲ ಕಣೇ ಕುಮುದ. ಸಾಯಲಿಲ್ಲ. ಮಗ ಹೋದ, ಸೊಸೆ ಹೋದಳು, ಆಗಲೂ ಸಾಯಲಿಲ್ಲ. ಈಗ ನೀನು ಒಂದು ಮಾತಿಗೆ ಹೆದರಿ ನನಗಿಂತ ಮೊದಲು ಬೀದಿಗಿಳಿದರೆ, ನಾನು ಯಾರಿಗೆ ಏನು ಅಂತ ಹೇಳಲಿ? ಅಜ್ಜಿ ಅಂದರಂತೆ, ಅದಕ್ಕೇ ಹೊರಟುಹೋದಳಂತೆ ಅಂತ ಹೇಳಲಾ?”

ಕುಮುದಕ್ಕ ತನ್ನ ಸೊರಗಿದ ಕೈಗಳನ್ನು ನೋಡಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, ಕಣ್ಣು ಬಿಗಿಯಾಗಿ ಮುಚ್ಚಿ, ಸೂಜಿ ಚುಚ್ಚಿಸಿಕೊಳ್ಳುವವರ ಹಾಗೆ ಮುಖ ಮಾಡಿ, “ಮೊದಲು ನೀನು ಶುರು ಮಾಡು. ಸಣ್ಣದರಿಂದ,” ಎಂದಳು.

“ಅತ್ತೆ,” ಎಂದೆ.

“ಅಯ್ಯೋ!” ಎಂದಳು. ಒಂದು ಕಣ್ಣು ತೆರೆದಳು. “ಹೂಂ. ಇನ್ನೊಂದ್ಸಲ.”

“ಅತ್ತೆ.”

“ಈಗ ದೊಡ್ಡದು.”

ಅದನ್ನು ಹೇಳಿದವರು ಡಾಕ್ಟರು. ಬಹಳ ಮೆಲ್ಲಗೆ, ಮಗುವಿಗೆ ಔಷಧ ಕುಡಿಸುವ ಹಾಗೆ, “ಕುಮುದಜ್ಜಿ” ಎಂದರು. ಕುಮುದಕ್ಕ ನುಂಗಿಕೊಂಡಳು. ಎದ್ದು, ನನ್ನ ಹೆಗಲು ಹಿಡಿದು, ತನ್ನದೇ ಮನೆಯೊಳಗೆ ಗಂಟಿನವರನ್ನು ಸರಿಸಿಕೊಳ್ಳುತ್ತಾ ಒಳಕೋಣೆಗೆ ನಡೆದಳು. ಹೊಸದಾಗಿ ಕಟ್ಟಿದ ಅಟ್ಟಿಯ ಎದುರು ನೆಲದ ಮೇಲೆ ಕೂತಳು. ಕೂರುವಾಗ ಬೇಕೆಂದೇ ಮಂಡಿ ಹಿಡಿದು “ಅಮ್ಮಾ” ಎಂದು ನರಳಿದಳು, ಅಂಥ ನರಳಿಕೆಯನ್ನು ಅವಳು ಎಷ್ಟು ವರ್ಷದಿಂದ ಬಚ್ಚಿಟ್ಟಿದ್ದಳೋ.

“ರೀ,” ಎಂದಳು. “ರೀ ಅಜ್ಜೀ. ಎದ್ದಿದೀರಾ?”

ಹುಡುಗಿ ತಲೆ ಎತ್ತಿದಳು. “ಯಾರಿಗೆ ಹೇಳ್ತಿದೀರ ಕುಮುದಕ್ಕಾ? ನಾನು ಪುಟ್ಟಿ.”

“ಪುಟ್ಟಿ ಏನ್ರೀ, ಯಾರಾದ್ರೂ ಕೇಳಿದ್ರೆ ನಕ್ಕಾರು. ನಾನೂ ಹೀಗೇ ಅಕ್ಕ ಅಕ್ಕ ಅನ್ನಿಸ್ಕೊಂಡು ಮೆರೆದೆ. ಸಾಕು ಬಿಡಿ. ನಮ್ಮ ವಯಸ್ಸಿಗೆ ಇನ್ನೂ ಹಾಸಿಗೆಯಲ್ಲಿ ಇಷ್ಟು ಹೊತ್ತು ಬಿದ್ದಿದ್ರೆ ಸೊಂಟ ಹಿಡ್ಕೊಳ್ಳಲ್ವಾ?”

ನಮ್ಮ ವಯಸ್ಸಿಗೆ! ಆ ಮಾತು ಬಿದ್ದದ್ದೇ ಹುಡುಗಿಯ ಮುಖ ಇಷ್ಟೇ ಇಷ್ಟಾಯಿತು. ಬೇಡ ಎನ್ನುವಂತೆ ಕೈಯಾಡಿಸಿ ಎದ್ದೇಳಲು ನೋಡಿದಳು. ಏಳುವಾಗ ಸೊಂಟಕ್ಕೆ ಕೈ ಹೋಯಿತು, ಬಾಯಿಂದ “ಅಯ್ಯಪ್ಪಾ” ಎಂದು ಬಂತು. ಬಂದದ್ದನ್ನು ಕೇಳಿ ಅವಳೇ ಬೆಚ್ಚಿದಳು.

“ನಂಗೂ ಹಾಗೇ,” ಎಂದಳು ಕುಮುದಕ್ಕ. “ನಮ್ಮ ವಯಸ್ಸಿಗೆ ಮಂಡಿ ಮೊದಲು ಹೋಗುತ್ತೆ. ರಾತ್ರಿ ಬಿಸಿ ನೀರಿನ ಶಾಖ ಕೊಡ್ಕೊಳ್ತೀರಾ? ಕಣ್ಣು ಹೇಗಿದೆ? ಸೂಜಿ ಪೋಣಿಸೋಕಾಗುತ್ತಾ? ನನಗೆ ಆಗಲ್ಲ, ತಾರಿಣಿ ಪೋಣಿಸಿ ಇಡ್ತಾಳೆ, ನಾನು ಪೋಣಿಸಿದ ಹಾಗೆ ನಟಿಸ್ತೀನಿ.”

ಒಂದೊಂದು ಮಾತಿಗೂ ಒಂದೊಂದು ಬಿಳಿ ಕೂದಲು ಮೂಡಿತು, ಕಣ್ಣಿನ ಸುತ್ತ ನೆರಿಗೆ ಬಿತ್ತು. ಎದುರು ಕೂತ ಕುಮುದಕ್ಕನೂ ಹೇಳುತ್ತಾ ಹೇಳುತ್ತಾ ಮುದುಕಿಯಾಗುತ್ತಿದ್ದಳು. ಬೀದಿಯವರಿಗೆ ಯಾವಾಗಲೋ ಕಾಣಿಸಿದ್ದ ಮುದುಕಿಯೇ, ಇವತ್ತು ಅವಳೂ ಒಪ್ಪಿಕೊಂಡಳು ಅಷ್ಟೆ. ಕೊನೆಗೆ ಅಟ್ಟಿಯಿಂದ ಕೆಳಗಿಳಿದವಳು ಬೆನ್ನು ಬಾಗಿದ ಒಬ್ಬ ಅಜ್ಜಿ. ನೆಲಕ್ಕೆ ಕಾಲಿಟ್ಟು ಮೊದಲು ಕೇಳಿದ್ದು, “ಮೆತ್ತಗೆ ಏನಾದ್ರೂ ಮಾಡಿದೀರೇನಮ್ಮಾ? ಹಸಿವಾಗ್ತಿದೆ.”

ಆ ದಿನದಿಂದ ಆಕಳಿಕೆ ನಿಂತಿತು. ನಿಲ್ಲಲಿಲ್ಲ ಎನ್ನಬೇಕು, ಆಕಳಿಸುತ್ತಿದ್ದಳು, ಆದರೆ ಬರೀ ಗಾಳಿ ಬರುತ್ತಿತ್ತು. ಮನೆಯಲ್ಲಿದ್ದ ಗಂಟಿನವರಿಗೆ ಹೊಸಬರು ಸೇರಲಿಲ್ಲ. ಡಾಕ್ಟರು ಔಷಧವನ್ನು ಹುಳಿಯಿಂದ ಮಜ್ಜಿಗೆಗೆ ಬದಲಾಯಿಸಿದರು, ಇದ್ದವರು ಬೈದುಕೊಳ್ಳುತ್ತಾ ಖಾಲಿಯಾದರು. ಮುದುಕಿಯೂ ಅದೇ ಮಜ್ಜಿಗೆ ಅನ್ನ ಹಿಸುಕಿ ಉಂಡಳು. ಅವಳು ನಮ್ಮಜ್ಜಿಯ ಜೊತೆ ಚೌಕಾಬಾರ ಆಡಿದಳು, ಬೆನ್ನುನೋವಿನ ಎಲೆಯಡಿಕೆಗೆ ಪಾಲು ಕೇಳಿ ಜಗಳ ಮಾಡಿದಳು. ದಿನದಿಂದ ದಿನಕ್ಕೆ ಹಗುರಾದಳು. ಒಂದು ಬೆಳಗ್ಗೆ ಎಳೆಬಿಸಿಲಲ್ಲಿ ಕುಮುದಕ್ಕ ಅವಳ ತಲೆ ಬಾಚುತ್ತಿದ್ದಾಗ ಅವಳು ಕೇಳಿದಳು.

“ಕೊನೆಗೆ ನಾನು ಏನಾದೆ ಕುಮುದ?”

“ಮುದುಕಿ ಆದಿರಿ, ನನ್ನ ಹಾಗೆ.”

“ಅಷ್ಟೇನಾ?”

“ಅಷ್ಟೇ. ಅದೇನು ಸುಲಭನಾ?”

ಮುದುಕಿ ಯೋಚಿಸಿದಳು. “ಇಲ್ಲ,” ಎಂದಳು, ತೃಪ್ತಿಯಾದವಳ ಹಾಗೆ. ಕುಮುದಕ್ಕ ಬಾಚಣಿಗೆಯಲ್ಲಿ ಸಿಕ್ಕಿದ ಬಿಳಿ ಕೂದಲನ್ನು ಬಿಡಿಸಿ ತಲೆಯೆತ್ತಿದಾಗ ಬಿಸಿಲಿನಲ್ಲಿ ಯಾರೂ ಇರಲಿಲ್ಲ. ಮೆಟ್ಟಿಲ ಮೇಲೆ ಅವಳ ಗಂಟಿನ ಬಿಚ್ಚಿದ ಬಟ್ಟೆ, ಒಳಗೆ ಏನೂ ಇಲ್ಲ.

ಡಾಕ್ಟರ್ ಹಲೀಮಾ ಬಂದು ಪ್ರತಿ ಹಾಸಿಗೆಯನ್ನೂ ದಿಂಬನ್ನೂ ತಟ್ಟಿ ನೋಡಿದರು. ಅಜ್ಜಿಯ ಸೀರೆಯ ಗಂಟನ್ನೂ ಬಿಚ್ಚಿಸಿದರು. ಸದ್ಯಕ್ಕೆ ಯಾರೂ ಇಲ್ಲ, ಆಗಾಗ ಬಂದು ತಟ್ಟಿ ನೋಡುತ್ತೇನೆ ಎಂದರು. ನಾವು ಎಲೆ ಹಾಕಿದೆವು. ನಡುಮನೆಯಲ್ಲಿ ನಮ್ಮ ಎಲೆಗಳಷ್ಟೇ ಇದ್ದದ್ದು, ಕುಮುದಕ್ಕನ ಸುತ್ತ ಅಷ್ಟು ಜಾಗವಿದ್ದದ್ದು, ಎಷ್ಟೋ ದಿನಗಳಿಂದ ಅದೇ ಮೊದಲು. ಅವಳು ಮೊದಲ ತುತ್ತು ಬಾಯಿಗಿಟ್ಟು, “ಉಪ್ಪು ಕಮ್ಮಿ,” ಎಂದಳು. ನಮ್ಮಜ್ಜಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

“ಇನ್ನೂ ಸ್ವಲ್ಪ ಅನ್ನ ಹಾಕ್ಲಾ ಕುಮುದಜ್ಜಿ?” ಎಂದೆ, ಅವಳ ಎಲೆ ಅರ್ಧ ಬರಿದಾದಾಗ.

ಕುಮುದಕ್ಕ ಕೈಯಲ್ಲಿದ್ದ ತುತ್ತನ್ನು ಎಲೆಯ ಮೇಲಿಟ್ಟಳು. “ಗೆದ್ದಾಯ್ತಲ್ಲ. ಇನ್ನು ಆ ಮಾತು ಸಾಕು. ಮೊದಲಿನ ಹಾಗೆ ಅಕ್ಕ ಅನ್ನು.” ತಲೆಯ ಬಟ್ಟೆಯ ಕೆಳಗೆ ಹೊಸದಾಗಿ ಹುಟ್ಟುತ್ತಿದ್ದ ಕೂದಲನ್ನು ಆಸೆಯಿಂದ ಮುಟ್ಟಿಕೊಂಡು ಡಾಕ್ಟರ ಕಡೆ ನೋಡಿದಳು. “ಅಲ್ವೇನ್ರೀ ಡಾಕ್ಟ್ರೇ?”

ಡಾಕ್ಟರ್ ಹಲೀಮಾ ಹಪ್ಪಳ ಮುರಿಯುತ್ತಾ ಇಲ್ಲವೆಂದು ತಲೆಯಾಡಿಸಿದರು. “ಹಾಗೆ ಅರ್ಧಕ್ಕೆ ನಿಲ್ಲಿಸೋ ಔಷಧ ಅಲ್ಲ ಇದು ಕುಮುದಜ್ಜಿ. ದಿನಕ್ಕೆ ಮೂರು ಹೊತ್ತು. ಬದುಕಿರೋ ತನಕ.”

ಎದುರುಮನೆಯ ಕಿಟಕಿಯಲ್ಲಿ ರುಕುಮಾಬಾಯಿಯ ಬಳೆ ಸದ್ದಾಯಿತು. ಕುಮುದಕ್ಕ ಆ ಕಡೆ ಒಂದು ಸಲ ನೋಡಿದಳು, ಖಾಲಿಯಾಗುತ್ತಿದ್ದ ತನ್ನ ಎಲೆಯನ್ನು ಒಂದು ಸಲ ನೋಡಿದಳು. ನಿಟ್ಟುಸಿರುಬಿಟ್ಟು ಎಲೆಯನ್ನು ನನ್ನ ಕಡೆ ಒಂದಿಷ್ಟು ಸರಿಸಿದಳು.

“ನಿಂತ್ಕೊಂಡು ಏನ್ ನೋಡ್ತೀಯೇ? ಅಜ್ಜಿಗೆ ಇನ್ನೊಂದು ಸೌಟು ಹಾಕು.”